ಮಾತನ್ನು ಕುರಿತ ಮಾತುಗಳು: ಅರಬ್ಬಿ, ಇಂಗ್ಲಿಷು ಮತ್ತು ನನ್ನ ಕೆಂಪು ಶಾಯಿ

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಎಂ.ಫಿಲ್. ಪ್ರಬಂಧದ ಕರಡನ್ನು ತಿದ್ದಿಕೊಡಬೇಕೆಂದು ತಂದುಕೊಟ್ಟ. ಸೇಡಂ ತಾಲ್ಲೂಕಿನ ಹಳ್ಳಿಯೊಂದರ ಹುಡುಗ. ಮೊಹರಂ ಹಬ್ಬದಲ್ಲಿ ಹಾಡುವ ಕನ್ನಡದ ರಿವಾಯತ್ ಪದಗಳು ಅವನ ವಿಷಯ. ಕರ್ಬಲಾದ ಕಥೆಯನ್ನು ದಖನಿಯಲ್ಲಿ ಕೇಳಿದ ಹಾಡುಗಾರರು ಅದನ್ನು ತಮ್ಮ ಕನ್ನಡಕ್ಕೆ ತಂದುಕೊಂಡ ಬಗೆಯನ್ನು ಅವನು ವಿವರಿಸಿದ್ದ. ವಿಷಯ ಚೆನ್ನಾಗಿತ್ತು, ಕ್ಷೇತ್ರಕಾರ್ಯ ಗಟ್ಟಿಯಾಗಿತ್ತು. ಆದರೆ ಪುಟಪುಟದಲ್ಲೂ ‘ತರ್ಜುಮೆ’ ಎಂಬ ಪದ ಬರುತ್ತಿತ್ತು. ಕಂಡಲ್ಲೆಲ್ಲ ಅದನ್ನು ಕೆಂಪು ಶಾಯಿಯಿಂದ ಹೊಡೆದು ಮೇಲೆ ‘ಅನುವಾದ’ ಎಂದು ಬರೆದೆ. ‘ಕಚೇರಿಯ ಭಾಷೆ ಬೇಡ, ಶಾಸ್ತ್ರೀಯ ಪರಿಭಾಷೆ ಬಳಸು’ ಎಂಬ ಉಪದೇಶವನ್ನು ಅಂಚಿನಲ್ಲಿ ಸೇರಿಸಿದೆ. ಅವನು ಮರುಮಾತಾಡದೆ ತಿದ್ದಿಕೊಂಡ. ಪ್ರಬಂಧ ಒಪ್ಪಿತವಾಯಿತು.

ಈಚೆಗೆ ಭಾಷಾಶಾಸ್ತ್ರದ ಪಾಠಕ್ಕೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದಾಗ ಆ ಕರಡಿನ ನೆರಳಚ್ಚು ಹಳೆಯ ಕಡತದಲ್ಲಿ ಸಿಕ್ಕಿತು. ‘ತರ್ಜುಮೆ’ಯನ್ನು ನಾನು ಹೊಡೆದುಹಾಕಿದ ಒಂದು ಪುಟದಲ್ಲೇ ‘ಸಂಶೋಧಕನ ಜವಾಬ್ದಾರಿ’, ‘ವಿದ್ವಾಂಸರ ತಕರಾರು’, ‘ಹೊಸ ಸವಾಲು’, ‘ಲಿಖಿತ ದಾಖಲೆ’ ಎಂಬ ಮಾತುಗಳಿದ್ದವು. ಜವಾಬು, ತಕರಾರು, ಸವಾಲು, ದಾಖಲೆ ಇವೆಲ್ಲವೂ ತರ್ಜುಮೆಯ ಹಾಗೆ ಅರಬ್ಬಿಯ ಬೇರಿನವು. ಇವುಗಳನ್ನು ನನ್ನ ಶಾಯಿ ಮುಟ್ಟಿರಲಿಲ್ಲ, ಏಕೆಂದರೆ ಅವು ಪರಭಾಷೆಯವೆಂದು ನನಗೆ ಹೊಳೆದೇ ಇರಲಿಲ್ಲ. ಪ್ರಬಂಧದ ವಸ್ತುವಿನ ಹೆಸರಾದ ‘ರಿವಾಯತ್’ ಕೂಡ ಅದೇ ಗುಂಪಿನದು. ನಾನು ತಿದ್ದಿದ್ದು ಯಾವ ತತ್ತ್ವದ ಮೇಲೆ ಎಂದು ಯಾರಾದರೂ ಕೇಳಿದ್ದರೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ‘ಜವಾಬು’ ಇರಲಿಲ್ಲ ಎಂದರೂ ಸರಿಯೇ.

ಈ ಪ್ರಸಂಗವನ್ನು ನೆಪಮಾಡಿಕೊಂಡು ಒಂದು ಮಾತನ್ನು ಹೇಳಬಯಸುತ್ತೇನೆ. ಒಂದು ಜನಸಮುದಾಯ ತನ್ನ ನುಡಿಯನ್ನು ಕುರಿತು ಆಡುವ ಪದಗಳಿವೆಯಲ್ಲ, ಅಂದರೆ ಭಾಷೆ, ಮಾತು, ತಪ್ಪು, ಶುದ್ಧ, ಧಾಟಿ, ವ್ಯಾಕರಣ ಮೊದಲಾದ ಪದಗಳು, ಅವನ್ನು ನಾವು ಬರಿಯ ಉಪಕರಣಗಳೆಂದು ಭಾವಿಸಿ ಬಳಸುತ್ತೇವೆ. ಅವುಗಳೊಳಗೆ ಯಾರ ನುಡಿ ನುಡಿಯೆನಿಸುತ್ತದೆ, ಯಾರದು ಬರಿಯ ಗದ್ದಲವೆನಿಸುತ್ತದೆ ಎಂಬ ತೀರ್ಪುಗಳು ಅಡಗಿರುತ್ತವೆ. ಅವುಗಳ ಚರಿತ್ರೆಯನ್ನು ತಿಳಿಯದೆ ಪರಿಭಾಷೆಯನ್ನು ಶುದ್ಧಿಗೊಳಿಸಲು ಹೊರಡುವುದು ವಿದ್ವತ್ತಿನ ಕೆಲಸವಲ್ಲ. ಅರಬ್ಬಿ ಮತ್ತು ಇಂಗ್ಲಿಷು ಎರಡೂ ಕನ್ನಡದ ಪರಿಭಾಷೆಯೊಳಗೆ ಬೇರೆಬೇರೆ ಬಾಗಿಲುಗಳಿಂದ ಬಂದಿರುವುದರಿಂದ ಅವೆರಡನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಅರಬ್ಬಿಯಲ್ಲಿ ಭಾಷೆಗೆ ಹಳೆಯ ಪದ ‘ಲಿಸಾನ್’, ಅಂದರೆ ನಾಲಗೆ. ಕುರಾನಿನಲ್ಲಿ ಭಾಷೆಯೆಂಬ ಅರ್ಥಕ್ಕೆ ಬರುವುದು ಇದೇ. ಇಂದು ಎಲ್ಲೆಡೆ ರೂಢಿಯಲ್ಲಿರುವ ‘ಲುಗಾ’ ಅಲ್ಲಿ ಕಾಣಿಸುವುದಿಲ್ಲ. ಅದರ ಧಾತುವಿನಿಂದಲೇ ಬಂದ ‘ಲಗ್ವ್’ ಎಂಬುದು ಕಾಣಿಸುತ್ತದೆ, ವ್ಯರ್ಥವಾದ ಹರಟೆ ಎಂಬರ್ಥದಲ್ಲಿ. ಆದಿಯ ವೈಯಾಕರಣರಿಗೆ ‘ಲುಗಾ’ ಎಂದರೆ ಒಂದೊಂದು ಬುಡಕಟ್ಟಿನ ವಿಶಿಷ್ಟ ನುಡಿರೂಪ, ನಾವು ಉಪಭಾಷೆಯೆನ್ನುವುದಕ್ಕೆ ಹತ್ತಿರವಾದದ್ದು. ಇಬ್ನ್ ಮನ್‌ಜೂರ್ ಹದಿಮೂರನೆಯ ಶತಮಾನದ ಕೊನೆಯಲ್ಲಿ ತನ್ನ ಮಹಾನಿಘಂಟನ್ನು ಮುಗಿಸಿದಾಗಲೂ ಅದಕ್ಕೆ ಇಟ್ಟ ಹೆಸರು ‘ಲಿಸಾನ್ ಅಲ್ ಅರಬ್’, ಅರಬರ ನಾಲಗೆ. ಇಂಗ್ಲಿಷಿನ ‘ಲ್ಯಾಂಗ್ವೇಜ್’ ಫ್ರೆಂಚಿನ ದಾರಿಯಾಗಿ ಲ್ಯಾಟಿನ್ನಿನ ‘ಲಿಂಗ್ವಾ’ದಿಂದ ಬಂದದ್ದು, ಅದೂ ನಾಲಗೆಯೇ. ಇಂಗ್ಲಿಷಿನ ಸ್ವಂತ ಪದವಾದ ‘ಟಂಗ್’ ಅದೇ ಮೂಲದಿಂದ ಒಡೆದ ಸೋದರ. ಕನ್ನಡದ ನಾಲಗೆ ಮಾತ್ರ ಭಾಷೆಯ ಹೆಸರಾಗಲಿಲ್ಲ. ನಮ್ಮಲ್ಲಿ ಎರಡು ನಾಲಗೆಯವನೆಂದರೆ ದ್ವಿಭಾಷಿಯಲ್ಲ, ಮಾತಿಗೆ ತಪ್ಪುವವನು. ನಾಲಗೆಯನ್ನು ನಾವು ನುಡಿಯ ಸಾಕ್ಷಿಯಾಗಿ ನೋಡಿದೆವು, ನುಡಿಯೇ ಅದೆಂದು ತಿಳಿಯಲಿಲ್ಲ.

ಅರಬ್ಬಿಯಲ್ಲಿ ಮಾತಿಗೆ ‘ಕಲಾಮ್’ ಎಂಬ ಪದ. ಅದೇ ಮೂರು ವ್ಯಂಜನಗಳಿಂದ ಆದ ‘ಕಲ್ಮ್’ ಎಂದರೆ ಗಾಯ. ಮಾತು ಮತ್ತು ಗಾಯ ಒಂದೇ ಧಾತುವಿನವು ಎಂಬುದನ್ನು ಹಳೆಯ ನಿಘಂಟುಕಾರರು ಆಸಕ್ತಿಯಿಂದ ಗಮನಿಸಿದ್ದಾರೆ. ಇದು ನಿಜವಾದ ನಿಷ್ಪತ್ತಿಯೋ ಕೇವಲ ಧ್ವನಿಸಾಮ್ಯವೋ ಎಂಬ ಚರ್ಚೆಯನ್ನು ಬದಿಗಿಟ್ಟರೂ, ಮಾತಾಡುವವರಿಗೆ ಆ ಸಾಮ್ಯ ಕೇಳಿಸುತ್ತಿತ್ತು ಎಂಬುದು ಮುಖ್ಯ.

ಇದಕ್ಕಿಂತ ತೀಕ್ಷ್ಣವಾದದ್ದು ‘ಅಜಮ್’ ಎಂಬ ಪದದ ಕಥೆ. ಅರಬರಲ್ಲದವರು, ವಿಶೇಷವಾಗಿ ಪಾರಸಿಕರು, ಅರಬ್ಬಿಯಲ್ಲಿ ಅಜಮರು. ಧಾತುವಿನ ಅರ್ಥ ಅಸ್ಪಷ್ಟವಾಗಿ ಮಾತಾಡುವುದು, ಮೂಕನಾಗಿರುವುದು. ಮಾತು ಬಾರದ ಪಶುವಿಗೂ ಅದೇ ಧಾತುವಿನ ವಿಶೇಷಣ. ಗ್ರೀಕರ ‘ಬಾರ್ಬರೋಸ್’, ಸಂಸ್ಕೃತದ ‘ಮ್ಲೇಚ್ಛ’ ಇದೇ ಜಾತಿಯ ಪದಗಳು; ತನ್ನ ನುಡಿಯಾಡದವನು ನುಡಿಯೇ ಇಲ್ಲದವನು ಎಂಬ ಅಹಂಕಾರ ಎಲ್ಲ ಪ್ರಾಚೀನರಿಗೂ ಸಮಾನ. ಪತಂಜಲಿಯ ಮಹಾಭಾಷ್ಯದ ಮೊದಲ ಆಹ್ನಿಕದಲ್ಲೇ ಉಚ್ಚಾರ ಕೆಟ್ಟದ್ದರಿಂದ ಅಸುರರು ಸೋತ ಕಥೆ ಬರುತ್ತದೆ. ಸ್ಲಾವ್ ಜನರು ತಮ್ಮ ನೆರೆಯ ಜರ್ಮನರನ್ನು ‘ಮೂಕರು’ ಎಂದು ಕರೆದರು. ಆ ಹೆಸರು ತುರ್ಕಿಯ ಮೂಲಕ ಅರಬ್ಬಿಗೆ ಹೋಗಿ ಆಸ್ಟ್ರಿಯಾ ದೇಶಕ್ಕೆ ಇವತ್ತಿಗೂ ಅರಬ್ಬಿಯಲ್ಲಿ ‘ನಿಮ್ಸಾ’ ಎನ್ನುತ್ತಾರೆ. ಮೊಜಾರ್ಟನ ನಾಡಿಗೆ ಮೂಕರ ನಾಡೆಂದು ಹೆಸರು!

ಆದರೆ ‘ಅಜಮ್’ ಧಾತುವಿನ ಚರಿತ್ರೆ ಅಲ್ಲಿಗೆ ನಿಲ್ಲುವುದಿಲ್ಲ. ಅರಬ್ಬಿ ಲಿಪಿಯಲ್ಲಿ ಒಂದೇ ಆಕಾರದ ಅಕ್ಷರಗಳನ್ನು ಬೇರ್ಪಡಿಸಲು ಚುಕ್ಕೆಗಳನ್ನಿಡುತ್ತಾರೆ. ಹಾಗೆ ಚುಕ್ಕೆಯಿಟ್ಟು ಅಸ್ಪಷ್ಟತೆಯನ್ನು ಕಳೆಯುವ ಕ್ರಿಯೆಗೆ ‘ಇಅಜಾಮ್’ ಎಂದು ಹೆಸರು, ಅದರಿಂದಲೇ ‘ಮುಅಜಮ್’, ಅಂದರೆ ನಿಘಂಟು. ಮೂಕನಿಗೂ ನಿಘಂಟಿಗೂ ಒಂದೇ ಬೇರು. ಅರಬ್ಬಿ ವ್ಯಾಕರಣಕ್ಕೆ ತಳಪಾಯ ಹಾಕಿದ ಸೀಬವೈಹಿಯೂ ಹುಟ್ಟಿನಿಂದ ಅಜಮನೇ, ಪಾರಸಿಕ. ಅವನು ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ ರಚಿಸಿದ ಕೃತಿಗೆ ಹೆಸರೇ ಇಲ್ಲ; ಲೋಕ ಅದನ್ನು ‘ಕಿತಾಬ್’ ಎಂದು ಮಾತ್ರ ಕರೆಯಿತು. ಬಾಗ್ದಾದಿನ ಆಸ್ಥಾನದಲ್ಲಿ ಅವನಿಗೂ ಕೂಫಾ ಸಂಪ್ರದಾಯದ ಕಿಸಾಈಗೂ ಒಂದು ವಾದ ನಡೆಯಿತೆಂದು ಪರಂಪರೆ ಹೇಳುತ್ತದೆ. ಚೇಳಿನ ಕಡಿತ ಹೆಚ್ಚೋ ಕಣಜದ ಕಡಿತ ಹೆಚ್ಚೋ ಎಂಬ ಒಂದು ವಾಕ್ಯದ ಕೊನೆಯ ಸರ್ವನಾಮಕ್ಕೆ ಯಾವ ವಿಭಕ್ತಿ ಎಂಬುದೇ ವಿವಾದ. ತೀರ್ಪಿಗಾಗಿ ಮರುಭೂಮಿಯ ಬದಾವಿಗಳನ್ನು ಕರೆಸಿದರು. ಅವರು ಕಿಸಾಈಯ ಪರವಾಗಿ ನುಡಿದರು. ಸೋತ ಸೀಬವೈಹಿ ತನ್ನ ನಾಡಿಗೆ ಹಿಂದಿರುಗಿ ಕೆಲಕಾಲದಲ್ಲೇ ತೀರಿಕೊಂಡನಂತೆ. ಸಾಕ್ಷಿಗಳಿಗೆ ಲಂಚ ಕೊಟ್ಟಿದ್ದರೆಂಬ ಮಾತನ್ನೂ ಪರಂಪರೆ ಸೇರಿಸುತ್ತದೆ. ಕಥೆಯ ಸತ್ಯಾಸತ್ಯ ಹೇಗೂ ಇರಲಿ, ಅದರಲ್ಲಿ ಒಪ್ಪಿತವಾಗಿರುವ ಒಂದು ಪ್ರಮಾಣವನ್ನು ಗಮನಿಸಬೇಕು: ಪಂಡಿತರ ವಿವಾದಕ್ಕೆ ಕೊನೆಯ ತೀರ್ಪುಗಾರ ಓದುಬರಹ ತಿಳಿಯದ ಒಂಟೆ ಕಾಯುವವನು.

ಆ ಒಂಟೆ ಕಾಯುವವನ ನುಡಿಗೆ ‘ಫಸೀಹ್’ ಎಂದು ಹೆಸರು. ಅದರಿಂದಲೇ ‘ಫುಸ್‌ಹಾ’, ಇಂದಿನ ಗ್ರಾಂಥಿಕ ಅರಬ್ಬಿ. ನಿಘಂಟುಗಳು ಈ ಧಾತುವಿಗೆ ಕೊಡುವ ಬಳಕೆಗಳಲ್ಲಿ ಒಂದು ಹಾಲಿಗೆ ಸಂಬಂಧಿಸಿದ್ದು: ನೊರೆ ಇಳಿದು ತಿಳಿಯಾದ ಹಾಲು. ಒಂದು ಪಶುಪಾಲಕ ಸಮಾಜ ಶುದ್ಧ ನುಡಿಗೆ ಇಂಥ ಪದವನ್ನು ಆರಿಸಿಕೊಂಡದ್ದು ಸಹಜವೇ. ಬಸ್ರಾದ ವೈಯಾಕರಣರು ಈ ತಿಳಿಹಾಲನ್ನು ಹುಡುಕಿಕೊಂಡು ಮರುಭೂಮಿಗೆ ಹೋಗುತ್ತಿದ್ದ ಕಾಲಕ್ಕೆ ಸ್ವಲ್ಪ ಈಚೆಗೆ, ಒಂಬತ್ತನೆಯ ಶತಮಾನದಲ್ಲಿ, ನಮ್ಮ ಕವಿರಾಜಮಾರ್ಗಕಾರನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡಿನಲ್ಲಿ ಕನ್ನಡದ ತಿರುಳಿದೆಯೆಂದು ಗೆರೆ ಎಳೆಯುತ್ತಿದ್ದ. ಅವನೂ ಓದದೆಯೇ ನುಡಿಬಲ್ಲ ಜನರನ್ನು ಮೆಚ್ಚಿದವನು. ಅಲ್ಲಿ ನೊರೆ ತೆಗೆದ ಹಾಲು, ಇಲ್ಲಿ ಹಣ್ಣಿನ ತಿರುಳು. ಶುದ್ಧಿಯ ಕಲ್ಪನೆ ಎರಡೂ ಕಡೆ ಇದೆ. ಆದರೆ ಎರಡೂ ಕಡೆ ಅದರ ನೆಲೆ ಗ್ರಂಥದಲ್ಲಿಲ್ಲ, ಆಡುವ ಬಾಯಿಯಲ್ಲಿದೆ. ನಮ್ಮ ಇಂದಿನ ಶುದ್ಧಿವಾದಿಗಳು ಇದನ್ನು ತಲೆಕೆಳಗು ಮಾಡಿದ್ದಾರೆ. ನಾನೂ ಆ ಸಾಲಿನಲ್ಲಿ ನಿಂತವನೇ.

ಈ ಸಮಕಾಲೀನತೆ ಬರಿಯ ಕಾಕತಾಳೀಯವಲ್ಲ ಎನ್ನಲು ಒಂದು ಕಾರಣವುಂಟು. ರಾಷ್ಟ್ರಕೂಟರನ್ನು ಅರಬರು ಚೆನ್ನಾಗಿ ಬಲ್ಲರು. ಕ್ರಿ.ಶ. 851ರ ಒಂದು ಅರಬ್ಬಿ ವೃತ್ತಾಂತ ಜಗತ್ತಿನ ನಾಲ್ವರು ಮಹಾರಾಜರಲ್ಲಿ ‘ಬಲ್ಹರಾ’ನನ್ನು, ಅಂದರೆ ವಲ್ಲಭರಾಜನನ್ನು, ಎಣಿಸುತ್ತದೆ. ಆಗ ಮಾನ್ಯಖೇಟದಲ್ಲಿ ಅಮೋಘವರ್ಷನ ಆಳ್ವಿಕೆ. ಮುಂದಿನ ಶತಮಾನದಲ್ಲಿ ಪಶ್ಚಿಮ ಕರಾವಳಿಯನ್ನು ಕಂಡುಹೋದ ಮಸೂದಿಯು ಬಲ್ಹರಾನ ರಾಜಧಾನಿ ‘ಮಾನ್‌ಕೀರ್’ ಎಂದೂ ಅಲ್ಲಿಯವರ ಭಾಷೆ ‘ಕೀರಿಯಾ’ ಎಂದೂ ಬರೆದಿದ್ದಾನೆ. ಹಸ್ತಪ್ರತಿಗಳ ಚುಕ್ಕೆಗಳ ಕಷ್ಟವನ್ನು ಬಲ್ಲವರಿಗೆ ಆ ಹೆಸರಿನ ಹಿಂದೆ ಕನ್ನಡವೇ ಇದ್ದಿರಬಹುದೆಂಬ ಊಹೆ ಅಸಂಗತವೆನಿಸದು. ಆ ಮಾನ್ಯಖೇಟ ಇಂದಿನ ಮಳಖೇಡ, ಸೇಡಂ ತಾಲ್ಲೂಕಿನಲ್ಲಿದೆ. ನಾನು ತಿದ್ದಿದ ಕರಡು ಬಂದದ್ದೂ ಆ ತಾಲ್ಲೂಕಿನಿಂದಲೇ.

ಇನ್ನು ‘ಲಹನ್’ ಎಂಬ ಪದ. ನನಗೆ ಇಡೀ ಅರಬ್ಬಿ ಪರಿಭಾಷೆಯಲ್ಲಿ ಅತ್ಯಂತ ಪ್ರಿಯವಾದದ್ದು ಇದು. ವೈಯಾಕರಣರಿಗೆ ಲಹನ್ ಎಂದರೆ ವ್ಯಾಕರಣದೋಷ. ‘ಜನಸಾಮಾನ್ಯರ ಲಹನ್’ ಕುರಿತು ಗ್ರಂಥ ಬರೆಯುವುದೇ ಒಂದು ಪ್ರಕಾರವಾಗಿ ಬೆಳೆಯಿತು. ನನ್ನ ಕೆಂಪು ಶಾಯಿ ಆ ಪ್ರಕಾರದ ಬಡ ವಾರಸುದಾರ. ಆದರೆ ಸಂಗೀತಗಾರರಿಗೆ ಲಹನ್ ಎಂದರೆ ರಾಗ, ಸ್ವರಸಂಯೋಜನೆ. ನೇರವಾಗಿ ಹೇಳದೆ ಧ್ವನಿಯಿಂದ ಸೂಚಿಸುವುದಕ್ಕೂ ಅದೇ ಪದ. ದೋಷ ಮತ್ತು ರಾಗ ಒಂದೇ ಪದದಲ್ಲಿ ಹೇಗೆ ಕೂಡಿದವು? ಎರಡೂ ನೇರದಾರಿಯಿಂದ ಓರೆಯಾಗುವ ಕ್ರಿಯೆಗಳೆಂಬುದು ಒಂದು ವಿವರಣೆ. ಇಂಗ್ಲಿಷಿನ ‘ಆಕ್ಸೆಂಟ್’ ತೆಗೆದುಕೊಳ್ಳಿ. ಲ್ಯಾಟಿನ್ನಿನಲ್ಲಿ ಅದು ‘ಹಾಡಿಗೆ ಸೇರಿದ್ದು’. ಗ್ರೀಕಿನ ‘ಪ್ರೊಸೋಡಿಯಾ’ ಎಂಬುದನ್ನು ಅಕ್ಷರಶಃ ಪರಿವರ್ತಿಸಿಕೊಂಡ ಪದ. ಕನ್ನಡದಲ್ಲಿ? ‘ಅವರ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ’ ಎನ್ನುತ್ತೇವೆ, ಹಾಡಿಗೂ ಧಾಟಿಯೇ. ಬೇರೆ ಜಿಲ್ಲೆಯವರು ‘ರಾಗ ಎಳೆಯುತ್ತಾರೆ’ ಎಂದು ನಗುತ್ತೇವೆ. ಪರಸ್ಪರ ಸಂಬಂಧವಿಲ್ಲದ ಮೂರು ಭಾಷೆಗಳು ಪರರ ಉಚ್ಚಾರದಲ್ಲಿ ಹಾಡನ್ನು ಕೇಳಿಸಿಕೊಂಡಿವೆ. ತನ್ನ ಉಚ್ಚಾರದಲ್ಲಿ ರಾಗವಿದೆಯೆಂದು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ನನ್ನ ತರಗತಿಯಲ್ಲಿ ಕಲಬುರಗಿ, ಮಂಗಳೂರು, ಚಾಮರಾಜನಗರದ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತ ದಿನ ಇದನ್ನು ಪ್ರತ್ಯೇಕವಾಗಿ ಪಾಠ ಮಾಡಬೇಕಾಗಿ ಬಂದಿಲ್ಲ.

ಇಂಗ್ಲಿಷಿನ ಭಾಷಾಪರಿಭಾಷೆಯಲ್ಲಿ ಸ್ವಂತದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಗ್ರಾಮರ್, ಸಿಲಬಲ್, ಡಯಲೆಕ್ಟ್, ನೌನ್, ವರ್ಬ್, ಡಿಕ್ಷನರಿ, ಆಕ್ಸೆಂಟ್ ಎಲ್ಲವೂ ಗ್ರೀಕಿನಿಂದಲೋ ಲ್ಯಾಟಿನ್ನಿನಿಂದಲೋ ಸಾಲ ತಂದವು. ಸ್ಪೀಚ್, ವರ್ಡ್, ಟಾಕ್, ಟೆಲ್, ಸೇ ಇಂಥ ಮನೆಮಾತಿನ ಪದಗಳು ಮಾತ್ರ ಮೂಲನಿವಾಸಿಗಳು. ಇವುಗಳಲ್ಲಿ ‘ಟೆಲ್’ ಎಂದರೆ ಮೊದಲು ಎಣಿಸುವುದು. ಬ್ಯಾಂಕಿನ ‘ಟೆಲ್ಲರ್’ ಆ ಹಳೆಯ ಅರ್ಥವನ್ನು ಉಳಿಸಿಕೊಂಡಿದ್ದಾನೆ. ನಮ್ಮ ‘ಎಣಿಸು’ ಲೆಕ್ಕಕ್ಕೂ ಸಲ್ಲುತ್ತದೆ, ಭಾವಿಸುವುದಕ್ಕೂ ಸಲ್ಲುತ್ತದೆ. ಒಂಬತ್ತನೆಯ ಶತಮಾನದ ಜಾಹಿಜ್ ತನ್ನ ‘ಬಯಾನ್’ ಕುರಿತ ಗ್ರಂಥದಲ್ಲಿ ಅರ್ಥವನ್ನು ಪ್ರಕಟಿಸುವ ಐದು ಸಾಧನಗಳನ್ನು ಹೇಳುವಾಗ ಶಬ್ದ, ಸನ್ನೆ, ಬರಹಗಳ ಜೊತೆಗೆ ಬೆರಳೆಣಿಕೆಯನ್ನೂ ಸೇರಿಸಿದ್ದಾನೆ. ಐದನೆಯದು ವಸ್ತುವಿನ ಸ್ಥಿತಿಯೇ ಮೌನವಾಗಿ ಮಾತಾಡುವುದು. ಸಂಕೇತವಿಜ್ಞಾನವನ್ನು ಇಪ್ಪತ್ತನೆಯ ಶತಮಾನದ ಯೂರೋಪಿನ ಕಾಣಿಕೆಯೆಂದಷ್ಟೇ ಬರೆಯುವ ನಮ್ಮ ಪಠ್ಯಪುಸ್ತಕಗಳು ಇವನನ್ನು ಹೆಸರಿಸುವುದಿಲ್ಲ.

‘ಗ್ರಾಮರ್’ ಎಂಬ ಪದವೇ ಸ್ಕಾಟ್ಲೆಂಡಿನ ಬಾಯಿಯಲ್ಲಿ ‘ಗ್ಲಾಮರ್’ ಆಯಿತು. ಓದುಬರಹ ಬಲ್ಲವನು ಮಂತ್ರವನ್ನೂ ಬಲ್ಲ ಎಂಬ ಜನರ ನಂಬಿಕೆಯಿಂದ ಅದಕ್ಕೆ ಮಾಯೆ, ಕಣ್ಕಟ್ಟು ಎಂಬ ಅರ್ಥ ಬಂದು, ವಾಲ್ಟರ್ ಸ್ಕಾಟನಂಥವರ ಬರಹದಿಂದ ಹರಡಿ, ಕೊನೆಗೆ ನಮ್ಮ ಸಿನಿಮಾ ಪತ್ರಿಕೆಗಳಿಗೆ ಬಂದು ತಲುಪಿತು. ವ್ಯಾಕರಣದ ತರಗತಿಗೆ ವಿದ್ಯಾರ್ಥಿಗಳು ಬರುವುದಿಲ್ಲವೆಂದು ಕೊರಗುವ ಸಹೋದ್ಯೋಗಿಗಳಿಗೆ ನಾನು ಇದನ್ನು ಹೇಳುವುದುಂಟು.

‘ಪರೋಲ್’ ಎಂಬುದನ್ನೂ ಇಲ್ಲೇ ನೋಡಬೇಕು. ಸೊಸ್ಯೂರನ ಲಾಂಗ್ ಮತ್ತು ಪರೋಲ್‌ಗಳ ಭೇದವನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಉರುಹೊಡೆಯುತ್ತಾರೆ. ಅದೇ ದಿನದ ಪತ್ರಿಕೆಯಲ್ಲಿ ‘ಕೈದಿಗೆ ಪೆರೋಲ್’ ಎಂಬ ಸುದ್ದಿಯನ್ನೂ ಓದುತ್ತಾರೆ. ಎರಡೂ ಒಂದೇ ಪದವೆಂದು ಯಾರೂ ಹೇಳಿಕೊಡುವುದಿಲ್ಲ. ಫ್ರೆಂಚಿನಲ್ಲಿ ಅದು ಮಾತು. ಹಿಂದಿರುಗಿ ಬರುತ್ತೇನೆಂದು ಕೊಟ್ಟ ಮಾತಿನ ಮೇಲೆ ಬಿಡುಗಡೆಯಾದವನು ಪೆರೋಲಿನ ಮೇಲಿರುವ ಕೈದಿ. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಪದ ಸಂಸ್ಕೃತದಿಂದ ಬಂದ ‘ಭಾಷೆ’. ‘ಭಾಷೆ ಕೊಟ್ಟ’, ‘ಭಾಷೆಗೆ ತಪ್ಪಿದ’ ಎಂಬಲ್ಲಿ ಅದು ನುಡಿಯಲ್ಲ, ಪ್ರತಿಜ್ಞೆ. ಸೊಸ್ಯೂರನನ್ನು ಕನ್ನಡದಲ್ಲಿ ಕಲಿಸುವಾಗ ನಾವು ‘ಲಾಂಗ್’ ಎಂಬುದಕ್ಕೆ ‘ಭಾಷೆ’ಯನ್ನು ಬಳಸುತ್ತೇವೆ. ಅದರ ಹಳೆಯ ಅರ್ಥವನ್ನು ನೋಡಿದರೆ ಅದು ‘ಪರೋಲ್’ಗೇ ಹೆಚ್ಚು ಒಪ್ಪುತ್ತಿತ್ತೇನೋ. ಇದನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಪಾಠ ಹೇಳುವವನಿಗೆ ಈ ಬಿರುಕು ತಿಳಿದಿರಬೇಕು, ಅಷ್ಟೆ.

ಈಗ ಕನ್ನಡಕ್ಕೆ ಬಂದು ಬೇರೂರಿದ ಅರಬ್ಬಿ ಪದಗಳತ್ತ ಬರೋಣ. ಇವು ಬಹುತೇಕ ಪಾರ್ಸಿ, ದಖನಿ, ಮರಾಠಿಗಳ ಮೂಲಕ ಕಂದಾಯ ಮತ್ತು ನ್ಯಾಯದ ಕಚೇರಿಗಳ ದಾರಿಯಲ್ಲಿ ಬಂದವು. ಶಾಲೆಯ ವ್ಯಾಕರಣ ಇವನ್ನು ‘ಅನ್ಯದೇಶ್ಯ’ ಎಂಬ ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದುಬಿಡುತ್ತದೆ. ಒಳಗೆ ಏನಿದೆ ನೋಡಿ. ಅರಬ್ಬಿಯ ‘ತಕ್ರಾರ್’ ಎಂದರೆ ಪುನರಾವರ್ತನೆ. ಜಗಳವಾಡುವವರು ಹೇಳಿದ್ದನ್ನೇ ಹೇಳುತ್ತಾರಾದ್ದರಿಂದ ಅದು ದಾರಿಯಲ್ಲಿ ಜಗಳವಾಗಿ, ಕನ್ನಡದಲ್ಲಿ ಆಕ್ಷೇಪಣೆಯಾಯಿತು. ‘ಕರಾರು’ ಎಂಬುದಕ್ಕೆ ‘ತ’ ಸೇರಿಸಿದರೆ ‘ತಕರಾರು’ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ವಾದಿಸಿದಳು. ಅರಬ್ಬಿಯಲ್ಲಿ ಅವೆರಡರ ‘ಕ’ಕಾರವೇ ಬೇರೆಬೇರೆ, ಒಂದು ಕಂಠದ ಆಳದ್ದು, ಕನ್ನಡ ಅವೆರಡನ್ನೂ ಒಂದೇ ‘ಕ’ದಲ್ಲಿ ಸಮಮಾಡಿ ಇಲ್ಲದ ನೆಂಟಸ್ತನವನ್ನು ಹುಟ್ಟಿಸಿದೆ. ‘ಸವಾಲು’ ಮೂಲದಲ್ಲಿ ಪ್ರಶ್ನೆ. ನ್ಯಾಯಾಲಯದ ‘ಪಾಟೀಸವಾಲು’ ಆ ಅರ್ಥವನ್ನು ಹಾಗೆಯೇ ಇಟ್ಟುಕೊಂಡಿದೆ, ಹರಾಜಿನಲ್ಲಿ ಅದು ಬೆಲೆಯ ಕೂಗು, ಪತ್ರಿಕೆಗಳಲ್ಲಿ ಪಂಥಾಹ್ವಾನ. ಗೀಗೀ ಮೇಳಗಳ ಹರದೇಶಿ–ನಾಗೇಶಿ ಪಂಗಡಗಳು ಸವಾಲ್–ಜವಾಬು ಹಾಡುವಾಗ ಮೂರು ಅರ್ಥಗಳೂ ಒಂದೇ ಕಟ್ಟೆಯ ಮೇಲೆ ಕುಳಿತಿರುತ್ತವೆ. ‘ಜವಾಬ್ದಾರಿ’ ಉತ್ತರ ಕೊಡಬೇಕಾದವನ ಸ್ಥಿತಿ. ಇಂಗ್ಲಿಷಿನ ‘ರೆಸ್ಪಾನ್ಸಿಬಿಲಿಟಿ’ಯ ಒಳಗೂ ಉತ್ತರವೇ ಇದೆ. ‘ಮಸೂದೆ’ ಎಂದರೆ ಕಪ್ಪಾಗಿಸಿದ್ದು, ಗೀಚಿ ಮಸಿಯಾದ ಕರಡು; ಅದರ ಬಿಳಿಯ ಪ್ರತಿಗೆ ಅರಬ್ಬಿಯಲ್ಲಿ ಬೇರೆ ಪದವಿದೆ, ಅದು ನಮ್ಮಲ್ಲಿಗೆ ಬರಲಿಲ್ಲ. ವಿಧಾನಸಭೆಗೆ ಕರಡಷ್ಟೇ ಸಾಕಾಯಿತೆಂದು ಕಾಣುತ್ತದೆ.

ವ್ಯಾಕರಣದ ಪದಗಳು ಹೇಗೆ ಬಂದು ಕುಳಿತಿವೆ ಎಂಬುದು ಇನ್ನೂ ಸ್ವಾರಸ್ಯದ್ದು. ಅರಬ್ಬಿ ವ್ಯಾಕರಣದಲ್ಲಿ ಭೂತಕಾಲ ‘ಮಾಜೀ’. ಉರ್ದುವಿನ ಪಾಠದಲ್ಲಿ ವರ್ತಮಾನ ‘ಹಾಲ್’. ನಮ್ಮ ಪತ್ರಿಕೆಗಳ ಮಾಜಿ ಸಚಿವರೂ ಹಾಲಿ ಶಾಸಕರೂ ಆ ಪದಗಳ ಮೈಯಲ್ಲೇ ಓಡಾಡುತ್ತಿದ್ದಾರೆ. ಉತ್ತಮಪುರುಷ ಅಲ್ಲಿ ‘ಮುತಕ್ಕಲಿಮ್’, ಮಾತಾಡುವವನು. ಉರ್ದು ವ್ಯಾಕರಣದಲ್ಲಿ ಎದುರಿನವನು ‘ಹಾಜಿರ್’, ಅಲ್ಲಿಲ್ಲದವನು ‘ಗಾಯಿಬ್’. ತರಗತಿಯ ಹಾಜರಿ ಪುಸ್ತಕವೂ ಪೊಲೀಸರ ಕೈಗೆ ಸಿಗದೆ ಗಾಯಬ್ ಆದ ಆರೋಪಿಯೂ ಮಧ್ಯಮ ಮತ್ತು ಪ್ರಥಮ ಪುರುಷಗಳ ಮಾತೃಕೆಗಳು. ‘ಇಸ್ಮ್’ ಎಂದರೆ ಹೆಸರು, ವ್ಯಾಕರಣದಲ್ಲಿ ನಾಮಪದ. ಅದರ ಬಹುವಚನದಿಂದ ನಮ್ಮ ‘ಆಸಾಮಿ’. ಪದರೂಪಗಳ ಶಾಸ್ತ್ರಕ್ಕೆ ‘ಸರ್ಫ್’, ತಿರುಗಿಸುವುದು, ಬದಲಿಸುವುದು. ನಾಣ್ಯ ಬದಲಿಸುವ ‘ಸರಾಫ’ ಅದೇ ಧಾತುವಿನವನು. ಧಾತುವನ್ನು ರೂಪಗಳಾಗಿ ಚಿಲ್ಲರೆ ಮಾಡಿಕೊಡುವವನು ವೈಯಾಕರಣ ಎಂಬ ಹೋಲಿಕೆಯನ್ನು ಭಾಷೆಯೇ ಸಿದ್ಧಮಾಡಿಟ್ಟಿದೆ. ಕಿಟೆಲರ 1894ರ ನಿಘಂಟನ್ನು ಈ ಕಣ್ಣಿನಿಂದ ತಿರುವಿಹಾಕುವ ಸಂಶೋಧಕರು ಬೇಕು. ಒಳ್ಳೆಯದೊಂದು ಮಹಾಪ್ರಬಂಧ ಅಲ್ಲಿ ಕಾದು ಕುಳಿತಿದೆ.

ಸ್ವಂತ ಪದಗಳಿಂದಲೇ ಪರಿಭಾಷೆ ಕಟ್ಟಬೇಕೆಂಬ ಹಂಬಲವನ್ನು ನಾನು ಹಗುರವಾಗಿ ಕಾಣುವವನಲ್ಲ. ಇಂಗ್ಲಿಷಿನಲ್ಲಿ ವಿಲಿಯಂ ಬಾರ್ನ್ಸ್ 1878ರಲ್ಲಿ ‘ಗ್ರಾಮರ್’ ಎಂಬುದನ್ನು ಬಿಟ್ಟು ‘ಸ್ಪೀಚ್‌ಕ್ರಾಫ್ಟ್’ ಎಂಬ ಹೆಸರಿನಲ್ಲೇ ಪುಸ್ತಕ ಬರೆದ. ಯಾರೂ ಅವನನ್ನು ಹಿಂಬಾಲಿಸಲಿಲ್ಲ. ನಮ್ಮಲ್ಲಿ ಆಂಡಯ್ಯ ತತ್ಸಮಗಳನ್ನು ತೊರೆದು ಕಾವ್ಯವನ್ನೇ ಬರೆದ. ನಮ್ಮ ಕಾಲದಲ್ಲಿ ಡಿ.ಎನ್. ಶಂಕರ ಭಟ್ಟರು ‘ಸೊಲ್ಲರಿಮೆ’, ‘ಎಸಕಪದ’ಗಳ ಮೂಲಕ ಕನ್ನಡದ್ದೇ ವ್ಯಾಕರಣವನ್ನು ಕಟ್ಟಿದರು. ಸಂಸ್ಕೃತದ ಅಚ್ಚು ಕನ್ನಡದ ವಾಕ್ಯಕ್ಕೆ ಹೊಂದದೆಂಬ ಅವರ ಮೂಲವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಪದಗಳ ವಿಷಯದಲ್ಲಿ ಅಷ್ಟು ಸುಲಭವಾಗಿ ಒಪ್ಪಲಾರೆ. ಸಂಸ್ಕೃತವಾದಿಗಳು ‘ತರ್ಜುಮೆ’ಯನ್ನು ಮ್ಲೇಚ್ಛವೆಂದು ಹೊಡೆದರೆ, ಅಚ್ಚಗನ್ನಡವಾದಿಗಳು ಅದನ್ನು ಕನ್ನಡವಲ್ಲವೆಂದು ಹೊಡೆಯುತ್ತಾರೆ. ಸೇಡಂನ ಹುಡುಗನಿಗೆ ಎರಡೂ ಕಡೆಯ ಶಾಯಿ ಕೆಂಪಾಗಿಯೇ ಕಾಣಿಸುತ್ತದೆ. ಅವನ ಮನೆಯ ಮಾತು ಯಾವ ಪಕ್ಷದ ಪಟ್ಟಿಯಲ್ಲೂ ಇಲ್ಲ.

‘ತರ್ಜುಮೆ’ ಮತ್ತು ‘ಅನುವಾದ’ ಒಂದೇ ಎಂಬ ನನ್ನ ಅಂದಿನ ತಿಳಿವಳಿಕೆಯಂತೂ ತಪ್ಪು. ಅನುವಾದವೆಂದರೆ ಹಿಂದಿನಿಂದ ಹೇಳುವುದು; ಮೀಮಾಂಸಕರಿಗೆ, ಮೊದಲೇ ತಿಳಿದದ್ದನ್ನು ಮತ್ತೆ ನುಡಿಯುವುದು. ಆ ಲೆಕ್ಕಕ್ಕೆ ಅದು ಅರಬ್ಬಿಯ ‘ತಕ್ರಾರ್’ಗೆ ಹತ್ತಿರ. ಇಂಗ್ಲಿಷಿನ ‘ಟ್ರಾನ್ಸ್‌ಲೇಟ್’ ಎಂದರೆ ಆಚೆಗೆ ಸಾಗಿಸುವುದು. ಇದಕ್ಕೆ ತದ್ವತ್ತಾದ ಅರಬ್ಬಿ ಪದ ‘ನಕ್ಲ್’. ಅಬ್ಬಾಸೀ ಕಾಲದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕನಂಥವರು ಗ್ರೀಕ್ ಗ್ರಂಥಗಳನ್ನು ತಂದಾಗ ಆ ಕೆಲಸಕ್ಕೆ ಈ ಪದವೂ ಬಳಕೆಯಲ್ಲಿತ್ತು. ಅದು ಕನ್ನಡದಲ್ಲಿ ‘ನಕಲು’ ಆಗಿ ಪರೀಕ್ಷಾಕೊಠಡಿಯ ಅಪರಾಧವಾಗಿದೆ. ‘ತರ್ಜುಮಾ’ ಇವೆಲ್ಲಕ್ಕಿಂತ ಹಳೆಯದು. ಅಕ್ಕಾಡಿಯನ್ ಕಾಲದಿಂದ ಪಶ್ಚಿಮ ಏಷ್ಯಾದಲ್ಲಿ ನಡೆದುಬಂದ ಈ ಪದದ ಹಿಂದೆ ಗ್ರಂಥವಿಲ್ಲ, ಒಬ್ಬ ಮನುಷ್ಯನಿದ್ದಾನೆ. ಇಬ್ಬರ ನಡುವೆ ನಿಂತು ಒಬ್ಬನ ಮಾತನ್ನು ಇನ್ನೊಬ್ಬನಿಗೆ ತಿಳಿಸುವ ‘ತುರ್ಜುಮಾನ್’. ಅವನೇ ಯೂರೋಪಿಗೆ ಹೋಗಿ ಇಂಗ್ಲಿಷಿನಲ್ಲಿ ‘ಡ್ರಾಗೊಮನ್’ ಆದ. ಅರಬ್ಬಿಯಲ್ಲಿ ಈ ಪದಕ್ಕೆ ವ್ಯಕ್ತಿಯ ಜೀವನಚರಿತ್ರೆ ಎಂಬ ಅರ್ಥವೂ ಇದೆ.

ಅಲಾವಿ ಕುಣಿಯ ಸುತ್ತ ನಿಂತು ಕರ್ಬಲಾದ ಕಥೆಯನ್ನು ತನ್ನ ಊರಿನ ಕೇಳುಗರಿಗೆ ತಿಳಿಯುವ ಕನ್ನಡದಲ್ಲಿ ಹಾಡುವವನು ಮಾಡುತ್ತಿರುವುದು ಇದನ್ನೇ ಅಲ್ಲವೆ? ಅವನ ಮುಂದೆ ಮೂಲಪಾಠವಿಲ್ಲ, ಹಿಂದಿನಿಂದ ಅನುಸರಿಸಲು ಲಿಖಿತ ವಾಕ್ಯವಿಲ್ಲ. ಎರಡು ನುಡಿಗಳ ನಡುವೆ ತಾನೇ ನಿಂತಿದ್ದಾನೆ. ಅವನು ಹಾಡುವುದರ ಹೆಸರಾದ ‘ರಿವಾಯತ್’ ಕೂಡ ಅರಬ್ಬಿಯಲ್ಲಿ ಬಾಯಿಂದ ಬಾಯಿಗೆ ದಾಟಿಸುವ ಕಥನ; ಅದರ ಧಾತು ನೀರುಣಿಸುವುದಕ್ಕೆ, ದಾಹ ತೀರಿಸುವುದಕ್ಕೆ ಸಂಬಂಧಿಸಿದ್ದು. ನೀರು ಹೊರುವ ಒಂಟೆಗೂ ಕವಿಯ ಪದ್ಯಗಳನ್ನು ನೆನಪಿನಲ್ಲಿ ಹೊತ್ತು ತಿರುಗುವವನಿಗೂ ಅರಬ್ಬಿಯಲ್ಲಿ ಒಂದೇ ಹೆಸರು. ಆಧುನಿಕ ಅರಬ್ಬಿಯಲ್ಲಿ ಕಾದಂಬರಿಗೆ ಇದೇ ಪದ. ಇಂಥ ಪದಸಂಪತ್ತನ್ನು ತನ್ನ ಮನೆಯಂಗಳದಿಂದಲೇ ತಂದಿದ್ದ ಹುಡುಗನಿಗೆ ನಾನು ಶಾಸ್ತ್ರೀಯ ಪರಿಭಾಷೆ ಬಳಸೆಂದು ಬುದ್ಧಿ ಹೇಳಿದ್ದೆ.

ಅವನೀಗ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಂಡಿತ. ಕರಡು ಸಿಕ್ಕ ದಿನ ಫೋನು ಮಾಡಿ ನನ್ನ ತಪ್ಪನ್ನು ಹೇಳಿಕೊಂಡೆ. ‘ಇರ್ಲಿ ಬಿಡ್ರಿ ಸರ್, ಆವಾಗ ನನಗೂ ಅದೇ ಖರೇ ಅನ್ನಿಸಿತ್ತು’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರ ಅನುಬಂಧ ನೋಡ್ರಿ’ ಎಂದ.

ನೋಡಿದೆ. ಹಾಡುಗಾರರ ಸಂದರ್ಶನಗಳನ್ನು ಅವನು ಧ್ವನಿಮುದ್ರಿಕೆಯಿಂದ ಯಥಾವತ್ತಾಗಿ ಬರೆದುಕೊಟ್ಟಿದ್ದ ಭಾಗ ಅದು. ಆಡಿದವರ ಮಾತೆಂದು ನಾನು ಅಲ್ಲಿ ಕೈಯಾಡಿಸಿರಲಿಲ್ಲ. ಎಪ್ಪತ್ತು ದಾಟಿದ ಹಾಡುಗಾರನೊಬ್ಬನನ್ನು ಈ ಪದಗಳು ನಿಮಗೆ ಎಲ್ಲಿಂದ ಬಂದವು ಎಂದು ಕೇಳಿದ್ದಾನೆ. ಉತ್ತರ ಒಂದೇ ಸಾಲಿನದು: ‘ನಮ್ಮ ಮುತ್ಯಾ ತುರುಕ ಮಾತಿನಾಗ ಕೇಳಿ ನಮ್ಮ ಮಾತಿನಾಗ ತರ್ಜುಮಿ ಮಾಡ್ಯಾನ್ರಿ.’